ಕೆಲಸದ ಕಲಿಕೆ ಮತ್ತು ಕೇಳುವುದರ ಬೆಲೆ

ಉದ್ಯೋಗಿಗಳ ತರಬೇತಿ ಮುಗಿದ ಮೇಲೆ ಅವರಿಂದ ತುಂಬಿಸಿಕೊಳ್ಳುವ ಪ್ರಶ್ನಾವಳಿಗಳನ್ನು ವೃತ್ತಿಯ ಕಾರಣದಿಂದ ನಾನು ಬಹಳಷ್ಟು ಓದಿದ್ದೇನೆ, ಕೆಲವನ್ನು ನಾನೇ ಬರೆದಿದ್ದೇನೆ. ವಿಷಯ ಉಪಯುಕ್ತವಾಗಿತ್ತೇ, ಬೋಧಕರು ಸ್ಪಷ್ಟವಾಗಿ ವಿವರಿಸಿದರೇ, ಕಲಿತದ್ದನ್ನು ಬಳಸಬಲ್ಲೆನೆಂಬ ಧೈರ್ಯ ಬಂದಿದೆಯೇ ಎಂದು ಅವು ಕೇಳುತ್ತವೆ. ಎಲ್ಲವೂ ಒಬ್ಬ ವ್ಯಕ್ತಿಯ ತಲೆಯೊಳಗೆ ಏನು ಸೇರಿತು ಎಂಬುದನ್ನು ಅಳೆಯುವ ಪ್ರಶ್ನೆಗಳು. ಮುಂದಿನ ವಾರ ಇದೇ ಕೆಲಸ ಮಾಡುವಾಗ ದಾರಿ ತಿಳಿಯದೆ ನಿಂತರೆ ಯಾರನ್ನು ಕೇಳುತ್ತೀರಿ, ಅವರನ್ನು ಕೇಳಲು ನಿಮಗೆ ಸಂಕೋಚವಾಗುವುದಿಲ್ಲವೇ ಎಂಬ ಪ್ರಶ್ನೆಯನ್ನು ಅವುಗಳಲ್ಲಿ ನಾನು ಕಂಡದ್ದು ತೀರ ಅಪರೂಪ. ಆದರೆ ಸಮಾಜಶಾಸ್ತ್ರ, ಸಂಸ್ಥೆಗಳ ಅಧ್ಯಯನ ಮತ್ತು ಮಾನವ ಸಂಪನ್ಮೂಲ ಅಭಿವೃದ್ಧಿ ಎಂಬ ಮೂರು ಕ್ಷೇತ್ರಗಳಲ್ಲಿ ಸಂಬಂಧಜಾಲಗಳ ಕುರಿತು ನಡೆದಿರುವ ಸಂಶೋಧನೆಯನ್ನು ಒಟ್ಟಿಗೆ ಇಟ್ಟುಕೊಂಡು ಓದುತ್ತ ಹೋದಂತೆ, ಈ ಒಂದು ಪ್ರಶ್ನೆಗಿರುವ ತೂಕ ಉಳಿದ ಯಾವುದಕ್ಕೂ ಇಲ್ಲ ಎಂಬ ನಂಬಿಕೆ ನನ್ನಲ್ಲಿ ಬಲವಾಗಿದೆ.

ಆ ಪ್ರಶ್ನೆ ನಮ್ಮ ಕಣ್ಣಿಗೆ ಬೀಳದೆ ಉಳಿದದ್ದಕ್ಕೆ ಕಾರಣವಿದೆ. 1961ರಲ್ಲಿ ಥಿಯೊಡೋರ್ ಶುಲ್ಟ್ಜ್, 1964ರಲ್ಲಿ ಗ್ಯಾರಿ ಬೆಕರ್ ಎಂಬ ಅರ್ಥಶಾಸ್ತ್ರಜ್ಞರು ಮಾನವ ಬಂಡವಾಳದ ಸಿದ್ಧಾಂತವನ್ನು ಮಂಡಿಸಿದಾಗ, ತರಬೇತಿಗೆ ಹಾಕಿದ ಹಣ ಖರ್ಚಲ್ಲ, ಹೂಡಿಕೆ ಎಂಬ ವಾದಕ್ಕೆ ಗಟ್ಟಿಯಾದ ನೆಲೆ ಸಿಕ್ಕಿತು. ತರಬೇತಿ ವಿಭಾಗಗಳು ಇಂದಿಗೂ ತಮ್ಮ ಅಸ್ತಿತ್ವವನ್ನು ಸಮರ್ಥಿಸಿಕೊಳ್ಳುವುದು ಆ ವಾದದ ಬಲದಿಂದಲೇ, ಹಾಗಾಗಿ ಅದನ್ನು ನಾನು ಹಗುರವಾಗಿ ಕಾಣಲಾರೆ. ಆದರೆ ಆ ಸಿದ್ಧಾಂತದಲ್ಲಿ ಕೌಶಲವೆಂಬುದು ವ್ಯಕ್ತಿಯ ಸ್ವಂತ ಆಸ್ತಿ: ಅವನು ಹೋದಲ್ಲೆಲ್ಲ ಅದನ್ನು ಹೊತ್ತುಕೊಂಡು ಹೋಗುತ್ತಾನೆ. 1988ರಲ್ಲಿ ಟಿಮೊತಿ ಬಾಲ್ಡ್ವಿನ್ ಮತ್ತು ಕೆವಿನ್ ಫೋರ್ಡ್, ತರಬೇತಿಯ ಕೋಣೆಯಲ್ಲಿ ಕಲಿತದ್ದು ಕೆಲಸದ ಮೇಜಿಗೆ ತಲುಪುವುದು ಹೇಗೆ ಎಂಬ ಬಗ್ಗೆ ಅಲ್ಲಿಯವರೆಗೆ ಬಂದಿದ್ದ ಅಧ್ಯಯನಗಳನ್ನು ಪರಿಶೀಲಿಸಿ, ಕಲಿಯುವವರ ಗುಣ ಮತ್ತು ತರಬೇತಿಯ ವಿನ್ಯಾಸದ ಜೊತೆಗೆ ಕೆಲಸದ ಪರಿಸರವನ್ನೂ ಮೂರನೆಯ ಅಂಶವಾಗಿ ಸೇರಿಸಿದರು. ಆ ಪರಿಸರದ ಒಳಗೆ ‘ಬೆಂಬಲ’ ಎಂಬ ಪದವಿತ್ತು. ಮುಂದೆ ಬಂದ ಅನೇಕ ಅಧ್ಯಯನಗಳು ಮೇಲಧಿಕಾರಿಯ ಬೆಂಬಲ ಇದೆಯೇ, ಸಹೋದ್ಯೋಗಿಗಳ ಬೆಂಬಲ ಇದೆಯೇ ಎಂದು ಕೇಳಿ ಅಂಕ ಹಾಕಿದವೇ ಹೊರತು, ಆ ಬೆಂಬಲ ಯಾರಿಂದ ಯಾರಿಗೆ ಹರಿಯುತ್ತದೆ, ಎಲ್ಲಿ ನಿಂತುಹೋಗುತ್ತದೆ ಎಂದು ಕೆದಕಿ ನೋಡಲಿಲ್ಲ.

ಹಾಗೆ ಕೆದಕಿ ನೋಡಿದವರು ಅದಕ್ಕೂ ಬಹಳ ಮೊದಲೇ ಒಬ್ಬರಿದ್ದರು. ಸಮಾಜಶಾಸ್ತ್ರಜ್ಞ ಪೀಟರ್ ಬ್ಲಾವ್ 1955ರಲ್ಲಿ ಪ್ರಕಟಿಸಿದ ಅಧ್ಯಯನ ಅಮೆರಿಕದ ಒಂದು ಸರ್ಕಾರಿ ಇಲಾಖೆಯ ತನಿಖಾಧಿಕಾರಿಗಳ ಬಗ್ಗೆ ಇದೆ. ಕಂಪನಿಗಳು ಕಾನೂನನ್ನು ಪಾಲಿಸುತ್ತಿವೆಯೇ ಎಂದು ಪರಿಶೀಲಿಸಿ ವರದಿ ಬರೆಯುವುದು ಅವರ ಕೆಲಸ. ನಿಯಮಗಳು ಜಟಿಲ, ತಪ್ಪಾದರೆ ಪರಿಣಾಮ ಗಂಭೀರ. ಅನುಮಾನ ಬಂದರೆ ಮೇಲಧಿಕಾರಿಯನ್ನು ಮಾತ್ರ ಕೇಳಬೇಕು, ಸಹೋದ್ಯೋಗಿಗಳನ್ನು ಕೇಳಕೂಡದು ಎಂಬುದು ಅಲ್ಲಿಯ ಕಟ್ಟಳೆ. ಆದರೆ ಅದೇ ಮೇಲಧಿಕಾರಿಯೇ ಅವರ ಕೆಲಸಕ್ಕೆ ಅಂಕ ಕೊಡುವವನು. ತನಗೆ ಗೊತ್ತಿಲ್ಲ ಎಂದು ಅವನ ಮುಂದೆ ಪದೇಪದೇ ಹೇಳಿಕೊಳ್ಳುವ ಉದ್ಯೋಗಿ ಯಾರಿದ್ದಾರೆ? ಹಾಗಾಗಿ ಅಧಿಕಾರಿಗಳು ಕಟ್ಟಳೆಯನ್ನು ಪಕ್ಕಕ್ಕಿಟ್ಟು ಒಬ್ಬರನ್ನೊಬ್ಬರು ಕೇಳುತ್ತಿದ್ದರು, ಮತ್ತು ಇಲಾಖೆಯ ಕೆಲಸ ಸುಸೂತ್ರವಾಗಿ ನಡೆಯುತ್ತಿದ್ದುದರಲ್ಲಿ ಈ ಅನಧಿಕೃತ ಮಾತುಕತೆಯ ಪಾಲು ದೊಡ್ಡದಿತ್ತು.

ಬ್ಲಾವ್ ಇಲ್ಲಿಗೇ ನಿಂತಿದ್ದರೆ ಅದು ಸಾಮಾನ್ಯ ಅವಲೋಕನವಾಗುತ್ತಿತ್ತು. ಅವರು ಪ್ರತಿಯೊಂದು ಸಲಹೆಯನ್ನೂ ಒಂದು ಕೊಡುಕೊಳ್ಳುವಿಕೆಯಾಗಿ ನೋಡಿದರು. ಕೇಳಿದವನಿಗೆ ಉತ್ತರ ಸಿಗುತ್ತದೆ, ಅದಕ್ಕಾಗಿ ಅವನು ತಾನು ಕಡಿಮೆಯೆಂದು ಒಪ್ಪಿಕೊಳ್ಳಬೇಕಾಗುತ್ತದೆ. ಹೇಳಿದವನಿಗೆ ಗೌರವ ಸಿಗುತ್ತದೆ, ಅದಕ್ಕಾಗಿ ಅವನು ತನ್ನ ಕೆಲಸದ ಹೊತ್ತನ್ನು ಕಳೆದುಕೊಳ್ಳುತ್ತಾನೆ. ಒಂದೆರಡು ಸಲ ಕೇಳುವುದು ಹಗುರ. ದಿನವೂ ಅದೇ ನಿಪುಣನ ಮೇಜಿನ ಮುಂದೆ ಹೋಗಿ ನಿಲ್ಲುವುದೆಂದರೆ ಹಂಗು ಬೆಳೆಯುತ್ತದೆ, ಅವನಿಗೂ ಬೇಸರ ಬರುತ್ತದೆ. ಆದ್ದರಿಂದ ಅಷ್ಟೇನೂ ನಿಪುಣರಲ್ಲದ ಅಧಿಕಾರಿಗಳು ತಮ್ಮ ಸರಿಸಮಾನರ ಜೊತೆ ಜೋಡಿ ಕಟ್ಟಿಕೊಂಡಿದ್ದರು. ದಿನನಿತ್ಯದ ಸಣ್ಣ ಅನುಮಾನಗಳಿಗೆ ಈ ಜೋಡಿ, ನಿಜಕ್ಕೂ ಕಗ್ಗಂಟಾದ ಪ್ರಕರಣಕ್ಕೆ ಮಾತ್ರ ನಿಪುಣ. ನಿಪುಣರು ತಾವು ಮಾಡುತ್ತಿದ್ದುದು ಇನ್ನೊಂದು ಬಗೆಯದು: ತಮ್ಮ ಕಷ್ಟದ ಪ್ರಕರಣವನ್ನು ‘ಒಂದು ಸ್ವಾರಸ್ಯಕರ ಸಂಗತಿ ಇದೆ’ ಎಂಬಂತೆ ಗೆಳೆಯರ ಮುಂದೆ ಬಿಡಿಸಿಡುತ್ತಿದ್ದರು. ಹೇಳುತ್ತ ಹೇಳುತ್ತ ಅವರ ಯೋಚನೆ ತಿಳಿಯಾಗುತ್ತಿತ್ತು, ಎದುರಿನವರ ಮುಖಭಾವದಿಂದಲೇ ಸರಿಯೋ ತಪ್ಪೋ ಗೊತ್ತಾಗುತ್ತಿತ್ತು, ಕೇಳಿದರು ಎಂಬ ಕೊರತೆ ಮಾತ್ರ ಅವರ ಹೆಸರಿಗೆ ಅಂಟುತ್ತಿರಲಿಲ್ಲ. ಎಪ್ಪತ್ತು ವರ್ಷ ಹಿಂದಿನ ಈ ಪುಟಗಳನ್ನು ಓದುವಾಗ ನಾನು ಕಂಡ ಪ್ರತಿಯೊಂದು ಕಚೇರಿಯೂ ಅದರಲ್ಲಿ ಕಾಣಿಸುತ್ತದೆ. ಒಬ್ಬ ಹೊಸಬನಿಗೆ ಹಾಗೆ ಸ್ವಾರಸ್ಯದ ನೆಪದಲ್ಲಿ ಮಾತು ತೆಗೆಯುವ ಸ್ವಾತಂತ್ರ್ಯವಿಲ್ಲ, ಅವನು ನೇರವಾಗಿ ಕೇಳಬೇಕು. ಎಲ್ಲರಿಗಿಂತ ಹೆಚ್ಚು ಕೇಳಬೇಕಾದವನಿಗೇ ಕೇಳುವುದು ಎಲ್ಲರಿಗಿಂತ ದುಬಾರಿ.

ಸಾಮಾಜಿಕ ಬಂಡವಾಳ ಎಂಬ ಹೆಸರಿನಡಿ ನಡೆದ ಚರ್ಚೆ ಈ ಹಂಗಿನ ಲೆಕ್ಕವನ್ನು ದೊಡ್ಡ ಚೌಕಟ್ಟಿಗೆ ತಂದಿತು. ಪಿಯರ್ ಬೋರ್ದ್ಯೂ ಅದನ್ನು ಕಂಡದ್ದು ಸವಲತ್ತಿನ ಕಣ್ಣಿನಿಂದ: ಒಬ್ಬ ವ್ಯಕ್ತಿಗೆ ಯಾವ ವರ್ಗದ, ಯಾವ ಬಳಗದ ನಂಟುಗಳಿವೆಯೋ ಅವು ಅವನಿಗೆ ಹಣದಂತೆಯೇ ಕೆಲಸ ಮಾಡುತ್ತವೆ, ಮತ್ತು ಉಳ್ಳವರ ಬಳಿಯೇ ಕೂಡಿಕೊಳ್ಳುತ್ತವೆ. 1988ರಲ್ಲಿ ಜೇಮ್ಸ್ ಕೋಲ್ಮನ್ ಅದನ್ನು ಒಂದು ಗುಂಪಿನ ಒಳಗಿನ ಬಿಗುವಿನಲ್ಲಿ ಕಂಡರು. ನ್ಯೂಯಾರ್ಕಿನ ವಜ್ರದ ಸಗಟು ವ್ಯಾಪಾರಿಗಳು ಯಾವ ಪತ್ರವೂ ಇಲ್ಲದೆ ಹರಳುಗಳ ಚೀಲವನ್ನೇ ಇನ್ನೊಬ್ಬನ ಕೈಗೆ ಪರೀಕ್ಷೆಗೆಂದು ಕೊಟ್ಟುಬಿಡುವುದು ಸಾಧ್ಯವಾಗುವುದು, ಅಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತಿರುವುದರಿಂದ ಎಂಬುದು ಅವರ ಉದಾಹರಣೆ. ರೊನಾಲ್ಡ್ ಬರ್ಟ್ 1992ರಲ್ಲಿ ಇದಕ್ಕೆ ಬಹುಮಟ್ಟಿಗೆ ವಿರುದ್ಧವಾದ ಮಾತು ಹೇಳಿದರು: ಒಂದಕ್ಕೊಂದು ಸಂಪರ್ಕವಿಲ್ಲದ ಎರಡು ಗುಂಪುಗಳ ನಡುವಿನ ಖಾಲಿ ಜಾಗದಲ್ಲಿ ಯಾರು ಸೇತುವೆಯಾಗಿ ನಿಲ್ಲುತ್ತಾರೋ ಲಾಭ ಅವರದು. ಜಾನೀನ್ ನಹಾಪಿಯೆಟ್ ಮತ್ತು ಸುಮಂತ್ರ ಘೋಷಾಲ್ 1998ರಲ್ಲಿ ಇವೆಲ್ಲವನ್ನೂ ಸಂಸ್ಥೆಯ ಜ್ಞಾನಕ್ಕೆ ಜೋಡಿಸಿ, ಯಾರಿಗೆ ಯಾರ ಸಂಪರ್ಕವಿದೆ, ಆ ಸಂಪರ್ಕದಲ್ಲಿ ನಂಬಿಕೆ ಎಷ್ಟಿದೆ, ಇಬ್ಬರೂ ಒಂದೇ ಪರಿಭಾಷೆಯಲ್ಲಿ ಯೋಚಿಸುತ್ತಾರೆಯೇ ಎಂಬ ಮೂರು ಆಯಾಮಗಳನ್ನು ಗುರುತಿಸಿದರು. ಮಾನವ ಸಂಪನ್ಮೂಲ ಅಭಿವೃದ್ಧಿಯ ಸಂಶೋಧಕರು 2000ದ ನಂತರ ಸಾಮಾಜಿಕ ಬಂಡವಾಳದ ಕಡೆ ಗಂಭೀರವಾಗಿ ತಿರುಗಿದಾಗ ಈ ಮೂರರ ಚೌಕಟ್ಟನ್ನೇ ಹೆಚ್ಚಾಗಿ ಎತ್ತಿಕೊಂಡರು. ಅದು ಅನುಕೂಲದ ಚೌಕಟ್ಟು. ಆದರೆ ಅದನ್ನು ಎತ್ತಿಕೊಳ್ಳುವ ಭರದಲ್ಲಿ ಬೋರ್ದ್ಯೂ ಹೇಳಿದ ಅಸಮಾನತೆಯ ಮಾತು ಹಿಂದೆ ಉಳಿದುಹೋಯಿತು ಎಂಬ ಬೇಸರ ನನಗಿದೆ.

ಬರ್ಟ್ ಸರಿಯೋ ಕೋಲ್ಮನ್ ಸರಿಯೋ ಎಂಬ ವಾದ ಬಹುಕಾಲ ನಡೆಯಿತು. ಕಲಿಕೆಯ ಕಡೆಯಿಂದ ನೋಡಿದರೆ ಆ ವಾದಕ್ಕೆ ಅಷ್ಟು ಅರ್ಥವಿಲ್ಲ, ಏಕೆಂದರೆ ಏನನ್ನು ಕಲಿಯಬೇಕು ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ಮಾರ್ಕ್ ಗ್ರಾನೊವೆಟರ್ 1973ರಲ್ಲಿ ದುರ್ಬಲ ನಂಟುಗಳ, ಅಂದರೆ ಹೆಚ್ಚು ಒಡನಾಟವಿಲ್ಲದ ಪರಿಚಯಗಳ, ಬಲವನ್ನು ತೋರಿಸಿಕೊಟ್ಟದ್ದು ಈಗ ಎಲ್ಲರಿಗೂ ಗೊತ್ತಿರುವ ವಿಷಯ. ಬಾಸ್ಟನ್ ನಗರದ ಹೊರವಲಯದಲ್ಲಿ ಅವರು ಮಾತನಾಡಿಸಿದ ವೃತ್ತಿಪರರಲ್ಲಿ, ಪರಿಚಯದವರ ಮೂಲಕ ಕೆಲಸ ಸಿಕ್ಕವರ ಪೈಕಿ ಆ ಪರಿಚಯದವರನ್ನು ಆಗಾಗ ಭೇಟಿಯಾಗುತ್ತಿದ್ದವರು ಶೇ. 16.7 ಮಾತ್ರ, ಅಪರೂಪಕ್ಕೆ ಭೇಟಿಯಾಗುತ್ತಿದ್ದವರು ಶೇ. 27.8, ನಡುವಿನವರು ಶೇ. 55.6. ಹತ್ತಿರದವರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ, ಹೊಸ ಸುದ್ದಿ ಬರುವುದು ದೂರದಿಂದ. ಆದರೆ ಸುದ್ದಿ ಬೇರೆ, ವಿದ್ಯೆ ಬೇರೆ. ಮಾರ್ಟನ್ ಹ್ಯಾನ್ಸನ್ 1999ರಲ್ಲಿ ಒಂದು ದೊಡ್ಡ ಎಲೆಕ್ಟ್ರಾನಿಕ್ಸ್ ಕಂಪನಿಯ 41 ವಿಭಾಗಗಳಲ್ಲಿ ನಡೆದ 120 ಹೊಸ ಉತ್ಪನ್ನಗಳ ಯೋಜನೆಗಳನ್ನು ಅಧ್ಯಯನ ಮಾಡಿದಾಗ ಈ ವ್ಯತ್ಯಾಸ ಸ್ಪಷ್ಟವಾಗಿ ಕಂಡಿತು. ಬೇರೆ ವಿಭಾಗದಲ್ಲಿ ಉಪಯೋಗಕ್ಕೆ ಬರುವ ಜ್ಞಾನ ಇದೆ ಎಂದು ಪತ್ತೆ ಹಚ್ಚಲು ದುರ್ಬಲ ನಂಟು ಸಾಕು. ಆ ಜ್ಞಾನ ಜಟಿಲವಾಗಿದ್ದರೆ, ಬರಹದಲ್ಲಿ ಹಿಡಿಯಲಾಗದ್ದಾಗಿದ್ದರೆ, ಅದನ್ನು ತರಿಸಿಕೊಳ್ಳಲು ಗಟ್ಟಿ ನಂಟೇ ಬೇಕು; ದುರ್ಬಲ ನಂಟಿನ ಮೇಲೆ ಭಾರ ಹಾಕಿದ ಯೋಜನೆಗಳು ನಿಧಾನವಾದವು. ಕೈಹಿಡಿದು ಹೇಳಿಕೊಡುವಷ್ಟು ಹೊತ್ತು ಯಾರೂ ಅರೆಪರಿಚಿತರಿಗೆ ಕೊಡುವುದಿಲ್ಲ.

ಕೆಲಸಕ್ಕೆ ಹೊಸದಾಗಿ ಸೇರಿದವರ ಬಗ್ಗೆ ಎಲಿಜಬೆತ್ ಮಾರಿಸನ್ 2002ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದೇ ದಿಕ್ಕಿನಲ್ಲಿದೆ. 154 ಹೊಸ ಲೆಕ್ಕಪರಿಶೋಧಕರಲ್ಲಿ, ಸಂಸ್ಥೆಯ ಒಟ್ಟಾರೆ ಸ್ವರೂಪವನ್ನು ಅರಿಯಲು ನೆರವಾದ ಜಾಲ ಒಂದು ಬಗೆಯದು, ವಿಸ್ತಾರವಾದದ್ದು. ತಮ್ಮ ಕೆಲಸದಲ್ಲಿ ಕೈ ಪಳಗಲು ನೆರವಾದ ಜಾಲ ಇನ್ನೊಂದು ಬಗೆಯದು, ಒತ್ತೊತ್ತಾದದ್ದು. ಹೊಸಬರನ್ನು ಒಂದು ದಿನ ಎಲ್ಲ ವಿಭಾಗಗಳಿಗೂ ಸುತ್ತಾಡಿಸಿ ಪರಿಚಯ ಮಾಡಿಸುವ ಪದ್ಧತಿ ಮೊದಲನೆಯದಕ್ಕೆ ಸ್ವಲ್ಪ ಸಹಾಯ ಮಾಡೀತು, ಎರಡನೆಯದಕ್ಕೆ ಏನೇನೂ ಮಾಡದು.

ಒತ್ತೊತ್ತಾದ ಜಾಲದೊಳಗೆ ವಿದ್ಯೆ ಹರಿಯುವ ಬಗೆಯನ್ನು ಹತ್ತಿರದಿಂದ ತೋರಿಸಿದ ಅಧ್ಯಯನಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಜೂಲಿಯನ್ ಆರ್ ಅವರದು. ಜೆರಾಕ್ಸ್ ಕಂಪನಿಯ ನಕಲುಯಂತ್ರಗಳನ್ನು ರಿಪೇರಿ ಮಾಡುವ ತಂತ್ರಜ್ಞರ ಜೊತೆ ಓಡಾಡಿ ಬರೆದ ಆ ಅಧ್ಯಯನ ಪುಸ್ತಕವಾಗಿ ಬಂದದ್ದು 1996ರಲ್ಲಿ. ಕಂಪನಿಯ ಎಣಿಕೆಯಲ್ಲಿ ಈ ಕೆಲಸ ಸರಳ: ಯಂತ್ರ ಒಂದು ದೋಷಸಂಖ್ಯೆ ತೋರಿಸುತ್ತದೆ, ಕೈಪಿಡಿಯಲ್ಲಿ ಆ ಸಂಖ್ಯೆಗೆ ಹೆಜ್ಜೆಹೆಜ್ಜೆಯಾಗಿ ಪರಿಹಾರವಿದೆ, ತಂತ್ರಜ್ಞ ಅದನ್ನು ಅನುಸರಿಸಿದರೆ ಸಾಕು. ಆದರೆ ಯಂತ್ರಗಳು ಕೈಪಿಡಿಯ ಪ್ರಕಾರ ಕೆಡುವುದಿಲ್ಲ. ಆರ್ ವಿವರಿಸುವ ಒಂದು ಪ್ರಸಂಗದಲ್ಲಿ ದೋಷಸಂಖ್ಯೆಯೇ ದಾರಿ ತಪ್ಪಿಸುವಂಥದ್ದು, ಕೈಪಿಡಿ ಅದರ ಹಿಂದೆ ಹೋಗಿ ಗೋಡೆಗೆ ಮುಟ್ಟಿ ನಿಲ್ಲುತ್ತದೆ. ಆಗ ತಂತ್ರಜ್ಞ ಮತ್ತು ಅವನಿಗಿಂತ ಅನುಭವಿಯಾದ ತಜ್ಞ ಯಂತ್ರದ ಮುಂದೆ ಗಂಟೆಗಟ್ಟಲೆ ಕೂತು ಒಬ್ಬರಿಗೊಬ್ಬರು ಹಳೆಯ ರಿಪೇರಿಗಳ ಕಥೆ ಹೇಳುತ್ತಾರೆ. ಹಿಂದೊಮ್ಮೆ ಹೀಗೇ ಆಗಿತ್ತು, ಆದರೆ ಆಗ ಆ ಸದ್ದು ಇರಲಿಲ್ಲ. ಇನ್ನೊಂದು ಕಡೆ ಸದ್ದು ಇತ್ತು, ಆದರೆ ಯಂತ್ರ ಪೂರ್ತಿ ನಿಂತಿರಲಿಲ್ಲ. ಒಂದು ಕಥೆ ಇನ್ನೊಂದರ ನೆನಪನ್ನು ಎಳೆದು ತರುತ್ತದೆ, ನಡುನಡುವೆ ಯಂತ್ರವನ್ನು ಓಡಿಸಿ ನೋಡುತ್ತಾರೆ, ಕೊನೆಗೆ ಇಬ್ಬರಿಗೂ ಮೊದಲು ಪೂರ್ತಿಯಾಗಿ ತಿಳಿಯದಿದ್ದ ಕಾರಣ ಅವರ ಮಾತಿನ ನಡುವೆಯೇ ರೂಪುಗೊಳ್ಳುತ್ತದೆ. ಅಲ್ಲಿಂದ ಮುಂದೆ ಆ ಪ್ರಸಂಗವೂ ಒಂದು ಕಥೆಯಾಗಿ ಊಟದ ಮೇಜಿನಲ್ಲಿ ಉಳಿದ ತಂತ್ರಜ್ಞರ ಕಿವಿಗೆ ಬೀಳುತ್ತದೆ.

ಇಲ್ಲಿ ಕಲಿತವನು ಯಾರು, ಕಲಿಸಿದವನು ಯಾರು ಎಂದು ಗೆರೆ ಎಳೆಯುವುದು ಕಷ್ಟ. ಮೇಜಿನ ಸುತ್ತ ಕೂತವರು ಹೊತ್ತು ಕಳೆಯುತ್ತಿದ್ದಾರೆ ಎಂದು ಹೊರಗಿನಿಂದ ನೋಡಿದ ವ್ಯವಸ್ಥಾಪಕರಿಗೆ ಅನ್ನಿಸಬಹುದಾಗಿತ್ತು. ಆರ್ ಅವರ ಕೆಲಸದಿಂದ ಪಾಠ ಕಲಿತ ಜೆರಾಕ್ಸ್ ಮುಂದೆ ಯುರೇಕಾ ಎಂಬ ವ್ಯವಸ್ಥೆಯನ್ನು ಕಟ್ಟಿತು; ತಂತ್ರಜ್ಞರು ಕಂಡುಕೊಂಡ ಉಪಾಯಗಳನ್ನು ಬೇರೆ ತಂತ್ರಜ್ಞರೇ ಪರಿಶೀಲಿಸಿ, ಕಂಡುಕೊಂಡವರ ಹೆಸರಿನೊಡನೆ ಎಲ್ಲರಿಗೂ ಸಿಗುವಂತೆ ಸೇರಿಸುತ್ತಿದ್ದರು. ಹೆಸರು ಉಳಿಸಿದ್ದು ಸಣ್ಣ ವಿಷಯವಲ್ಲ. ಬ್ಲಾವ್ ಹೇಳಿದ ಲೆಕ್ಕದಲ್ಲಿ, ಹೇಳಿಕೊಟ್ಟವನಿಗೆ ಸಲ್ಲಬೇಕಾದ ಗೌರವ ಅದರಿಂದ ಸಲ್ಲುತ್ತಿತ್ತು.

ಹಾಗಾದರೆ ಒಬ್ಬರು ಇನ್ನೊಬ್ಬರನ್ನು ಕೇಳಲು ಹೋಗುವುದನ್ನು ನಿರ್ಧರಿಸುವುದು ಯಾವುದು? ಸ್ಟೀಫನ್ ಬೊರ್ಗಾಟಿ ಮತ್ತು ರಾಬ್ ಕ್ರಾಸ್ 2003ರಲ್ಲಿ ಇದನ್ನು ನೇರವಾಗಿ ಪರೀಕ್ಷಿಸಿದರು. ಆ ವ್ಯಕ್ತಿಗೆ ಏನು ಗೊತ್ತಿದೆ ಎಂದು ನನಗೆ ತಿಳಿದಿರಬೇಕು, ಅವರಿಗೆ ಗೊತ್ತಿರುವುದಕ್ಕೆ ನನ್ನ ದೃಷ್ಟಿಯಲ್ಲಿ ಬೆಲೆಯಿರಬೇಕು, ಬೇಕಾದ ಹೊತ್ತಿಗೆ ಅವರು ನನಗೆ ಸಿಗುವಂತಿರಬೇಕು. ಕೇಳುವುದರಿಂದ ಬೀಳುವ ಹೊರೆಯನ್ನೂ ಅವರು ಪರಿಗಣಿಸಿದ್ದರು, ಆದರೆ ಅವರ ದತ್ತಾಂಶದಲ್ಲಿ ಮೊದಲ ಮೂರರ ಪ್ರಭಾವವೇ ದೃಢವಾಗಿ ಕಂಡಿತು. ಮರುವರ್ಷ ಡೇನಿಯಲ್ ಲೆವಿನ್ ಜೊತೆ ಕ್ರಾಸ್ ನಡೆಸಿದ ಇನ್ನೊಂದು ಅಧ್ಯಯನ ನಂಬಿಕೆಯನ್ನು ಎರಡಾಗಿ ಸೀಳಿ ನೋಡಿತು: ಇವರಿಗೆ ವಿಷಯ ಗೊತ್ತು ಎಂಬ ನಂಬಿಕೆ ಒಂದು, ಇವರು ನನಗೆ ಕೇಡು ಬಯಸುವವರಲ್ಲ ಎಂಬ ನಂಬಿಕೆ ಇನ್ನೊಂದು. ಈ ಎರಡೂ ಇದ್ದಲ್ಲಿ ದೂರದ ಪರಿಚಯದವರಿಂದಲೂ ತುಂಬ ಉಪಯುಕ್ತವಾದ ಜ್ಞಾನ ದೊರೆಯುತ್ತದೆ.

ಇವೆಲ್ಲ ಇರುವ ಸ್ಥಿತಿಯನ್ನು ಅಳೆದ ಅಧ್ಯಯನಗಳು. ಚೆನ್ನಾಗಿ ಕೆಲಸ ಮಾಡುವವರಿಗೆ ಒಳ್ಳೆಯ ಸಂಪರ್ಕಗಳಿವೆ ಎಂದು ಕಂಡರೆ, ಸಂಪರ್ಕದಿಂದ ಕೆಲಸ ಚೆನ್ನಾಯಿತೋ, ಕೆಲಸ ಚೆನ್ನಾಗಿದ್ದುದರಿಂದ ಸಂಪರ್ಕ ಬೆಳೆಯಿತೋ ಎಂದು ಅವುಗಳಿಂದ ಹೇಳಲಾಗದು. ಈ ಕೊರತೆ ಇಡೀ ಕ್ಷೇತ್ರವನ್ನು ಕಾಡಿದೆ. ಅದಕ್ಕಾಗಿಯೇ 2020ರಲ್ಲಿ ಸ್ಯಾಂಡ್ವಿಕ್, ಸೌಮಾ, ಸೀಗರ್ಟ್ ಮತ್ತು ಸ್ಟ್ಯಾಂಟನ್ ಎಂಬ ನಾಲ್ವರು ಅರ್ಥಶಾಸ್ತ್ರಜ್ಞರು ಪ್ರಕಟಿಸಿದ ಪ್ರಯೋಗವನ್ನು ಸಿಕ್ಕಸಿಕ್ಕವರಿಗೆಲ್ಲ ಓದಿ ಎಂದು ಹೇಳುತ್ತ ಬಂದಿದ್ದೇನೆ. ಒಂದು ಮಾರಾಟ ಸಂಸ್ಥೆಯಲ್ಲಿ ಅವರು ಉದ್ಯೋಗಿಗಳನ್ನು ಚೀಟಿ ಎತ್ತಿದಂತೆ ಜೋಡಿ ಮಾಡಿದರು. ಕೆಲವು ಜೋಡಿಗಳಿಗೆ, ಇಬ್ಬರ ಒಟ್ಟು ಮಾರಾಟ ಹೆಚ್ಚಾದರೆ ಇಬ್ಬರಿಗೂ ಬಹುಮಾನ. ಇನ್ನು ಕೆಲವು ಜೋಡಿಗಳಿಗೆ, ಸಿದ್ಧಪಡಿಸಿದ ಪ್ರಶ್ನೆಗಳ ಹಾಳೆ ಹಿಡಿದು ಕೂತು ಒಬ್ಬರ ಸಲಹೆಯನ್ನು ಇನ್ನೊಬ್ಬರು ಕೇಳುವ ನಿಗದಿತ ಭೇಟಿ. ಬಹುಮಾನವೂ ಫಲ ಕೊಟ್ಟಿತು, ಆದರೆ ಆ ಫಲ ಬಹುಮಾನದ ಜೊತೆಗೇ ಮುಗಿಯಿತು. ಸಲಹೆ ಕೇಳುವ ಭೇಟಿಗಳನ್ನು ಮಾಡಿದವರ ಮಾರಾಟ ಸರಾಸರಿ ಶೇ. 20ಕ್ಕಿಂತ ಹೆಚ್ಚು ಏರಿತು, ಪ್ರಯೋಗ ಮುಗಿದು ಕನಿಷ್ಠ 20 ವಾರಗಳವರೆಗೂ ಆ ಏರಿಕೆ ನಿಂತಿತು.

ಈ ಫಲಿತಾಂಶವನ್ನು ನಿಧಾನವಾಗಿ ಓದಬೇಕು. ಜ್ಞಾನ ಹರಿಯದಿರುವುದಕ್ಕೆ ಗೊತ್ತಿರುವವರ ಜಿಪುಣತನವೇ ಕಾರಣವಾಗಿದ್ದರೆ ಬಹುಮಾನವೇ ಹೆಚ್ಚು ಕೆಲಸ ಮಾಡಬೇಕಿತ್ತು. ತೊಡಕು ಇದ್ದದ್ದು ಕೇಳುವವರ ಕಡೆ. ಕೇಳುವ ಸಂಕೋಚವನ್ನು ಸಂಸ್ಥೆಯೇ ತನ್ನ ಮೇಲೆ ಹಾಕಿಕೊಂಡಿತು: ‘ಕೇಳಿ ಎಂದು ಹಾಳೆಯಲ್ಲಿ ಬರೆದಿದ್ದಾರೆ, ಅದಕ್ಕೇ ಕೇಳುತ್ತಿದ್ದೇನೆ’ ಎನ್ನಲು ಒಂದು ನೆಪ ಸಿಕ್ಕ ಕೂಡಲೇ ಬಾಯಿ ಬಿಚ್ಚಿತು. ಹಂಚಿಕೊಳ್ಳುವವರಿಗೆ ಪ್ರಶಸ್ತಿ, ಹಂಚಿಕೊಳ್ಳುವ ತಾಣ, ಹಂಚಿಕೊಳ್ಳುವ ಸಪ್ತಾಹ ಎಂದು ನಮ್ಮ ಕ್ಷೇತ್ರ ವ್ಯಯಿಸಿರುವ ಶ್ರಮವೆಲ್ಲ ಹೇಳುವವರನ್ನು ಹುರಿದುಂಬಿಸಲು ಹೋಗಿದೆ. ಕೇಳುವವರ ಮುಖ ಉಳಿಸಲು ನಾವು ಮಾಡಿದ್ದು ತುಂಬ ಕಡಿಮೆ.

ಕೌಶಲ ಸಂಬಂಧಗಳಲ್ಲಿ ಎಷ್ಟರಮಟ್ಟಿಗೆ ಬೇರುಬಿಟ್ಟಿರುತ್ತದೆ ಎಂಬುದಕ್ಕೆ ಹೃದಯ ಶಸ್ತ್ರಚಿಕಿತ್ಸೆಯಿಂದ ಬಂದ ಸಾಕ್ಷ್ಯ ನನ್ನನ್ನು ಬೆರಗುಗೊಳಿಸಿತು. ಒಂದಕ್ಕಿಂತ ಹೆಚ್ಚು ಆಸ್ಪತ್ರೆಗಳಲ್ಲಿ ಶಸ್ತ್ರಕ್ರಿಯೆ ಮಾಡುವ ಸರ್ಜನ್‌ಗಳನ್ನು ರಾಬರ್ಟ್ ಹಕ್‌ಮನ್ ಮತ್ತು ಗ್ಯಾರಿ ಪಿಸಾನೊ ಅಧ್ಯಯನ ಮಾಡಿ 2006ರಲ್ಲಿ ವರದಿ ಮಾಡಿದಂತೆ, ಒಂದು ಆಸ್ಪತ್ರೆಯಲ್ಲಿ ಹೆಚ್ಚು ಶಸ್ತ್ರಕ್ರಿಯೆ ಮಾಡಿದಷ್ಟೂ ಆ ಆಸ್ಪತ್ರೆಯಲ್ಲಿ ಅವರ ರೋಗಿಗಳ ಉಳಿವು ಸುಧಾರಿಸುತ್ತಿತ್ತು. ಬೇರೆ ಆಸ್ಪತ್ರೆಯಲ್ಲಿ ಪಡೆದ ಅನುಭವ ಇಲ್ಲಿಗೆ ಅಷ್ಟಾಗಿ ದಾಟಿ ಬರುತ್ತಿರಲಿಲ್ಲ. ಅದೇ ಕೈ, ಅದೇ ಚಾಕು, ಸುತ್ತ ನಿಂತವರು ಮಾತ್ರ ಬೇರೆ. ಬೋರಿಸ್ ಗ್ರಾಯ್ಸ್‌ಬರ್ಗ್ ಷೇರು ವಿಶ್ಲೇಷಕರಲ್ಲೂ ಇದಕ್ಕೆ ಹೋಲುವುದನ್ನೇ ಕಂಡರು: ಹೆಸರಾಂತ ವಿಶ್ಲೇಷಕರು ಸಂಸ್ಥೆ ಬದಲಿಸಿದ ಮೇಲೆ ಅವರ ಸಾಧನೆ ಕುಸಿಯುತ್ತಿತ್ತು, ತಮ್ಮ ತಂಡವನ್ನೂ ಜೊತೆಗೆ ಕರೆದೊಯ್ದವರು ಹೆಚ್ಚು ಉಳಿಸಿಕೊಂಡರು. ಅವರ ಅಧ್ಯಯನದ ಇನ್ನೊಂದು ಎಳೆಯನ್ನು ಹೆಚ್ಚು ಜನ ಗಮನಿಸಿಲ್ಲ. ಸಂಸ್ಥೆ ಬದಲಿಸಿದ ಮಹಿಳಾ ವಿಶ್ಲೇಷಕರ ಸಾಧನೆ ಗಂಡಸರದರಂತೆ ಕುಸಿಯಲಿಲ್ಲ. ಸಂಸ್ಥೆಯೊಳಗಿನ ಬಳಗದಲ್ಲಿ ಅವರಿಗೆ ಮೊದಲೇ ಜಾಗ ಸಿಕ್ಕಿರಲಿಲ್ಲ, ಹಾಗಾಗಿ ಅವರು ಗ್ರಾಹಕರು ಮತ್ತು ಹೊರಗಿನವರ ಜೊತೆ ನಂಟು ಬೆಳೆಸಿಕೊಂಡಿದ್ದರು, ಅದು ಅವರ ಹಿಂದೆಯೇ ಬಂತು ಎಂಬುದು ಗ್ರಾಯ್ಸ್‌ಬರ್ಗ್ ಕೊಡುವ ವಿವರಣೆ. ಇದನ್ನು ಮಹಿಳೆಯರ ಜಾಣ್ಮೆಯ ಕಥೆಯಾಗಿ ಹೇಳುವವರಿದ್ದಾರೆ. ಜಾಣ್ಮೆ ನಿಜವೇ. ಆದರೆ ಅದು ಹುಟ್ಟಿದ್ದು ಬಾಗಿಲು ಮುಚ್ಚಿದ್ದರಿಂದ.

ಆ ಬಾಗಿಲಿನ ಮಾತನ್ನು ಹರ್ಮಿನಿಯಾ ಇಬಾರಾ 1992ರಲ್ಲೇ ಅಂಕಿಅಂಶದಲ್ಲಿ ಹಿಡಿದಿಟ್ಟಿದ್ದರು. ಅವರು ಅಧ್ಯಯನ ಮಾಡಿದ ಜಾಹೀರಾತು ಸಂಸ್ಥೆಯಲ್ಲಿ ಗಂಡಸರಿಗೆ ಸ್ನೇಹವೂ ಸಲಹೆಯೂ ಪ್ರಭಾವವೂ ಬಹುಮಟ್ಟಿಗೆ ಅದೇ ಗಂಡಸರ ಬಳಗದಲ್ಲಿ ಸಿಗುತ್ತಿತ್ತು. ಹೆಂಗಸರು ಸ್ನೇಹಕ್ಕೆ ಹೆಂಗಸರ ಕಡೆಗೂ, ಕೆಲಸಕ್ಕೆ ಬೇಕಾದ ಸಲಹೆ ಮತ್ತು ಪ್ರಭಾವಕ್ಕೆ ಗಂಡಸರ ಕಡೆಗೂ ಹೋಗಬೇಕಿತ್ತು. ಒಂದೇ ಹರಟೆಯಲ್ಲಿ ಮುಗಿಯುವ ಕೆಲಸಕ್ಕೆ ಅವರು ಎರಡು ಜಾಲಗಳನ್ನು ಸಾಕಬೇಕು. ತಮ್ಮಂಥವರ ಜೊತೆ ಬೆರೆಯುವುದು ಮನುಷ್ಯ ಸಹಜವೆಂದು ಬಿಟ್ಟುಬಿಟ್ಟರೆ, ಸಂಸ್ಥೆಯಲ್ಲಿ ಸಂಖ್ಯೆಯಲ್ಲೂ ಅಧಿಕಾರದಲ್ಲೂ ಕಡಿಮೆ ಇರುವವರ ಪಾಲಿಗೆ ಪ್ರತಿಯೊಂದು ಪ್ರಶ್ನೆಯೂ ಬೇಲಿ ದಾಟಿ ಕೇಳಬೇಕಾದ ಪ್ರಶ್ನೆಯಾಗುತ್ತದೆ. ಸಾಮಾಜಿಕ ಬಂಡವಾಳ ಎಲ್ಲರಿಗೂ ಒಳಿತು ಮಾಡುತ್ತದೆ ಎಂಬ ಧಾಟಿಯಲ್ಲಿ ಬರೆದ ಲೇಖನಗಳನ್ನು ಓದಿದಾಗ ನನಗೆ ಸಮಾಧಾನವಾಗದಿರುವುದು ಇದಕ್ಕೇ. ಒಳಗಿದ್ದವರಿಗೆ ಕಲಿಸುವ ಬಿಗಿಯಾದ ಬಳಗವೇ ಹೊರಗಿದ್ದವರಿಂದ ಕಲಿಕೆಯನ್ನು ಕಸಿದುಕೊಳ್ಳುತ್ತದೆ ಎಂದು ಅಲೆಹಾಂಡ್ರೊ ಪೋರ್ಟೆಸ್ 1998ರಲ್ಲೇ ಎಚ್ಚರಿಸಿದ್ದರು.

ಹೇಳುವವರ ಕಷ್ಟವೂ ಇದೆ. ರಾಬ್ ಕ್ರಾಸ್, ರೆಬ್ ರೆಬೆಲ್ ಮತ್ತು ಆಡಂ ಗ್ರಾಂಟ್ 2016ರಲ್ಲಿ ಬರೆದಂತೆ, ಅವರು ನೋಡಿದ ಸಂಸ್ಥೆಗಳಲ್ಲಿ ಹೆಚ್ಚಾಗಿ ಉಪಯುಕ್ತ ಸಹಕಾರದ ಶೇ. 20ರಿಂದ 35ರಷ್ಟು ಬರುತ್ತಿದ್ದುದು ಕೇವಲ ಶೇ. 3ರಿಂದ 5ರಷ್ಟು ಉದ್ಯೋಗಿಗಳಿಂದ. ಯಾರು ಯಾರನ್ನು ಕೇಳುತ್ತಾರೆ ಎಂಬುದನ್ನು ಚುಕ್ಕಿ ಮತ್ತು ಗೆರೆಗಳಲ್ಲಿ ತೋರಿಸುವ ಜಾಲದ ನಕ್ಷೆಯಲ್ಲಿ ಅವರು ನಡುವೆ ದೊಡ್ಡ ಚುಕ್ಕಿಗಳಾಗಿ ಕಾಣುತ್ತಾರೆ, ದಿನದ ಕೊನೆಗೆ ಅವರ ಸ್ವಂತ ಕೆಲಸ ಹಾಗೇ ಉಳಿದಿರುತ್ತದೆ.

ಆ ನಕ್ಷೆಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಸಂಬಂಧಜಾಲದ ಸಮೀಕ್ಷೆ ಎಂದರೆ ಸಾಮಾನ್ಯವಾಗಿ ಒಂದು ಹೆಸರುಪಟ್ಟಿ, ಪ್ರತಿ ಹೆಸರಿನ ಮುಂದೆ ‘ಕೆಲಸದ ತೊಂದರೆಗೆ ಇವರನ್ನು ಎಷ್ಟು ಸಲ ಕೇಳುತ್ತೀರಿ’ ಎಂಬಂಥ ಪ್ರಶ್ನೆ. ಬರ್ನಾರ್ಡ್, ಕಿಲ್ವರ್ತ್ ಮತ್ತು ಅವರ ಸಂಗಡಿಗರು 1984ರಲ್ಲಿ ಅನೇಕ ಅಧ್ಯಯನಗಳನ್ನು ಪರಿಶೀಲಿಸಿ, ಜನ ತಮ್ಮ ವರ್ತನೆಯ ಬಗ್ಗೆ ಹೇಳುವುದರಲ್ಲಿ ಸುಮಾರು ಅರ್ಧದಷ್ಟು ಒಂದಲ್ಲ ಒಂದು ರೀತಿಯಲ್ಲಿ ತಪ್ಪಾಗಿರುತ್ತದೆ ಎಂದರು. 1987ರಲ್ಲಿ ಲಿಂಟನ್ ಫ್ರೀಮನ್ ಮತ್ತು ಸಂಗಡಿಗರು ಅದಕ್ಕೆ ಸೊಗಸಾದ ತಿದ್ದುಪಡಿ ಕೊಟ್ಟರು. ಒಂದು ವಿಚಾರಗೋಷ್ಠಿಗೆ ಯಾರ್ಯಾರು ಬಂದಿದ್ದರು ಎಂದು ಕೇಳಿದಾಗ, ಜನ ಅಂದು ಬಾರದಿದ್ದರೂ ಸದಾ ಬರುವವರ ಹೆಸರು ಹೇಳಿದರು, ಅಂದು ಬಂದಿದ್ದರೂ ಎಂದೋ ಒಮ್ಮೆ ಬರುವವರನ್ನು ಮರೆತರು. ನೆನಪು ಆ ದಿನವನ್ನು ತಪ್ಪಾಗಿ ಹೇಳಿತು, ದೀರ್ಘಕಾಲದ ರೂಢಿಯನ್ನು ಸರಿಯಾಗಿ ಹೇಳಿತು. ಆದ್ದರಿಂದ ಜಾಲದ ಸಮೀಕ್ಷೆಯನ್ನು ನಂಬಬಹುದು, ಆದರೆ ಅಂಚಿನಲ್ಲಿರುವವರನ್ನು ಅದು ವಾಸ್ತವಕ್ಕಿಂತ ಇನ್ನಷ್ಟು ಅಂಚಿಗೆ ತಳ್ಳುತ್ತದೆ ಎಂಬ ಎಚ್ಚರ ಬೇಕು. ಇನ್ನೊಂದು ಎಚ್ಚರ ಇದಕ್ಕಿಂತ ದೊಡ್ಡದು. ಇತರ ಸಮೀಕ್ಷೆಗಳಂತೆ ಇದನ್ನು ಹೆಸರಿಲ್ಲದೆ ಮಾಡಲಾಗದು. ಯಾರು ಯಾರನ್ನು ಹೆಸರಿಸಲಿಲ್ಲ ಎಂಬುದೂ ಇದರಲ್ಲಿ ದತ್ತಾಂಶವೇ, ಮತ್ತು ಉತ್ತರ ಕೊಡಲು ಒಪ್ಪದವರೂ ಇತರರ ಉತ್ತರಗಳ ಮೂಲಕ ನಕ್ಷೆಯೊಳಗೆ ಬಂದುಬಿಡುತ್ತಾರೆ. ಯಾರನ್ನೂ ಕೇಳದ, ಯಾರೂ ತನ್ನನ್ನು ಕೇಳದ ಒಂಟಿ ಚುಕ್ಕಿಯ ಹೆಸರು ಮೇಲಧಿಕಾರಿಯ ಕೈಗೆ ಹೋದರೆ, ಕಲಿಸಲೆಂದು ಹೊರಟ ಅಧ್ಯಯನ ಅವನನ್ನು ಕೆಲಸದಿಂದ ಕಳಿಸಲು ನೆಪವಾಗಬಹುದು. ಹೆಸರುಳ್ಳ ನಕ್ಷೆಯನ್ನು ಆಡಳಿತದ ಕೈಗೆ ಕೊಡಬಾರದು ಎಂಬುದು ನನ್ನ ದೃಢವಾದ ನಿಲುವು.

ಮನೆಯಿಂದ ಕೆಲಸ ಮಾಡುವುದು ವ್ಯಾಪಕವಾದ ಮೇಲೆ ಈ ಎಲ್ಲ ಸಂಗತಿಗಳಿಗೆ ಹೊಸ ತುರ್ತು ಬಂದಿದೆ. ಮೈಕ್ರೋಸಾಫ್ಟ್ ಕಂಪನಿಯ 61,182 ಉದ್ಯೋಗಿಗಳ 2020ರ ಮೊದಲಾರ್ಧದ ಸಂಪರ್ಕಗಳ ವಿಶ್ಲೇಷಣೆ 2022ರಲ್ಲಿ ಪ್ರಕಟವಾಯಿತು. ಎಲ್ಲರೂ ದೂರದಿಂದ ಕೆಲಸ ಮಾಡತೊಡಗಿದ ಮೇಲೆ ಜಾಲಗಳು ಹೆಚ್ಚು ಜಡವಾದವು, ಗುಂಪುಗಳ ನಡುವಿನ ಒಡನಾಟಕ್ಕೆ ಸಲ್ಲುತ್ತಿದ್ದ ಸಮಯದ ಪಾಲು ಸುಮಾರು ನಾಲ್ಕನೆಯ ಒಂದರಷ್ಟು ಇಳಿಯಿತು. ಇದು ಗ್ರಾನೊವೆಟರ್ ಹೇಳಿದ ಬಗೆಯ ನಂಟುಗಳ ಕಥೆ. ಕಲಿಕೆಗೆ ಇನ್ನೂ ಹತ್ತಿರವಾದದ್ದು ನಟಾಲಿಯಾ ಇಮ್ಯಾನುಯೆಲ್, ಎಮ್ಮಾ ಹ್ಯಾರಿಂಗ್ಟನ್ ಮತ್ತು ಅಮಾಂಡಾ ಪಲೈಸ್ ನಡೆಸಿದ ಅಧ್ಯಯನ. ಒಂದು ದೊಡ್ಡ ಕಂಪನಿಯ ಸಾಫ್ಟ್‌ವೇರ್ ಇಂಜಿನಿಯರ್‌ಗಳಲ್ಲಿ, ಕಚೇರಿಗಳು ಮುಚ್ಚುವ ಮೊದಲು ತಂಡದವರ ಜೊತೆ ಒಂದೇ ಕಟ್ಟಡದಲ್ಲಿ ಕೂರುತ್ತಿದ್ದವರಿಗೆ ತಾವು ಬರೆದ ಕೋಡ್ ಮೇಲೆ ಹೆಚ್ಚು ಟಿಪ್ಪಣಿಗಳು ಬರುತ್ತಿದ್ದವು. ಹತ್ತಿರ ಕೂರುವುದರ ಲಾಭ ಕಿರಿಯರಿಗೆ ಹೆಚ್ಚು, ಅವರಲ್ಲೂ ಯುವತಿಯರಿಗೆ ಇನ್ನೂ ಹೆಚ್ಚು. ಹತ್ತಿರವಿದ್ದಾಗ ಅವರು ಮರುಪ್ರಶ್ನೆಗಳನ್ನೂ ಹೆಚ್ಚು ಕೇಳುತ್ತಿದ್ದರು. ಅದೇ ಹೊತ್ತಿಗೆ ಹಿರಿಯ ಇಂಜಿನಿಯರ್‌ಗಳು ತಾವು ಬರೆಯುವ ಕೋಡ್ ಕಡಿಮೆಯಾಗುತ್ತಿತ್ತು, ಏಕೆಂದರೆ ಅವರ ಸಮಯ ಹೇಳಿಕೊಡುವುದಕ್ಕೆ ಹೋಗುತ್ತಿತ್ತು.

ಕಿರಿಯಳು ಪಡೆದದ್ದೂ ಹಿರಿಯಳು ಕಳೆದುಕೊಂಡದ್ದೂ ಒಂದೇ ಮಾತುಕತೆಯ ಎರಡು ತುದಿಗಳು. ಸಂಸ್ಥೆಯ ದಾಖಲೆಗಳಲ್ಲಿ ಮಾತ್ರ ಅವು ಸೇರುವುದಿಲ್ಲ: ಕಿರಿಯಳ ಬೆಳವಣಿಗೆ ಅವಳ ಸ್ವಂತ ಪ್ರತಿಭೆಯೆಂದು ಬರೆಯಲ್ಪಡುತ್ತದೆ, ಹಿರಿಯಳ ಕೋಡ್ ಇಳಿದದ್ದು ಅವಳ ವಾರ್ಷಿಕ ಮೌಲ್ಯಮಾಪನದಲ್ಲಿ ಕೊರತೆಯಾಗಿ ಕಾಣುತ್ತದೆ. ಮೌಲ್ಯಮಾಪನದ ಹೊತ್ತಿಗೆ ಪ್ರತಿಯೊಬ್ಬರನ್ನೂ ‘ಈ ವರ್ಷ ನೀವು ಯಾರಿಂದ ಕಲಿತಿರಿ’ ಎಂದು ಕೇಳಿ, ಹೆಸರಿಸಲ್ಪಟ್ಟವರ ಲೆಕ್ಕಕ್ಕೆ ಆ ಸಮಯವನ್ನು ಅವರ ಕೆಲಸವೆಂದೇ ಸೇರಿಸುವುದು ಅಸಾಧ್ಯವಾದದ್ದೇನಲ್ಲ. ಹಾಗೆ ಮಾಡಿದ ಮತ್ತು ಮಾಡದ ವಿಭಾಗಗಳನ್ನು ಕೆಲವು ವರ್ಷ ಹೋಲಿಸಿ ನೋಡುವ ಕ್ಷೇತ್ರಪ್ರಯೋಗ, ಅದರಲ್ಲೂ ಬೇಲಿಯ ಹೊರಗೆ ಉಳಿದವರ ಪ್ರಶ್ನೆಗಳು ಹೆಚ್ಚಾದವೇ ಎಂಬುದನ್ನು ಮುಖ್ಯವಾಗಿ ಅಳೆಯುವ ಪ್ರಯೋಗ, ನಮ್ಮ ಕ್ಷೇತ್ರದ ಸಂಶೋಧಕರು ಕೈಗೆತ್ತಿಕೊಳ್ಳಬೇಕು ಎಂದು ನಾನು ಆಶಿಸುವ ಕೆಲಸಗಳಲ್ಲಿ ಮೊದಲನೆಯದು.